ಏಲಕ್ಕಿ ತಿಂಗಳಲ್ಲಿ ಜಾರಿ ಬಿದ್ದವರು

ಕಂತು ಏಳು

"ನನ್ನ ಹೆಂಡ್ತಿ ಮನೇಲೇ ಇದ್ಲು ಸಾರ್" ಎಂದು ದುರೈ ಮೂರನೆಯ ಸಲ ಹೇಳಿದ.

ಮೂರು ಸಲವೂ ನೆಲ ನೋಡುತ್ತಲೇ ಹೇಳಿದ್ದ. ಇನ್‌ಸ್ಪೆಕ್ಟರ್ ಕರುಪ್ಪಸಾಮಿ ಪೆನ್ನನ್ನು ಮೇಜಿನ ಮೇಲಿಟ್ಟು, ಕೇಳಿಸಿತಲ್ಲ ಎನ್ನುವ ಹಾಗೆ ನನ್ನತ್ತ ತಿರುಗಿದರು.

"ಏನು ಕಣಕ್ಕು ಮೇಡಂ, ಮುಗೀತಲ್ಲ? ಹೆಂಡತಿ ಮನೆಯಲ್ಲಿದ್ದಳು. ಮನೆಯಲ್ಲೇ ತಲೆ ಒಡೆದಿದೆ. ಆ ಮನೆಯಲ್ಲಿ ಇರೋದು ಇವರಿಬ್ಬರೇ. ಇದಕ್ಕೆ ನಿಮ್ಮ ಕಂಪ್ಯೂಟರ್ ಯಾಕೆ ಬೇಕು?"

ಕಣಕ್ಕು ಎಂದರೆ ತಮಿಳಿನಲ್ಲಿ ಲೆಕ್ಕ. ನನ್ನ ಹೆಸರು ಇಂದುಜಾ ಎಂದು ಆ ಮನುಷ್ಯನಿಗೆ ಹತ್ತು ಸಲ ಹೇಳಿದ್ದೇನೆ. ತೇನಿ ಜಿಲ್ಲೆಯಲ್ಲಿ ತಲೆಗೆ ಪೆಟ್ಟು ಬಿದ್ದು ಯಾರೇ ಆಸ್ಪತ್ರೆಗೆ ಹೋದರೂ ಅವರ ವಯಸ್ಸು, ಊರು, ಪೆಟ್ಟು ಬಿದ್ದ ಜಾಗ, ಹೊತ್ತು, ಕಾರಣ, ಕರೆತಂದ ಗಾಡಿ, ಸ್ಕ್ಯಾನಿನಲ್ಲಿ ಕಂಡದ್ದು, ಎಲ್ಲವನ್ನೂ ಒಂದು ಕಡೆ ಸೇರಿಸಿಡುವುದು ನನ್ನ ಕೆಲಸ. ಯಾವ ರಸ್ತೆಯಲ್ಲಿ, ಯಾವ ಕೆಲಸದಲ್ಲಿ ಜನರ ತಲೆ ಒಡೆಯುತ್ತಿದೆ ಎಂದು ಗೊತ್ತಾದರೆ ತಾನೇ ತಡೆಯಲು ಸಾಧ್ಯ?

ನಾಗಮ್ಮಾಳ್ ದಿಂಡಿಗಲ್ಲಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿ ಇವತ್ತಿಗೆ ಹನ್ನೊಂದು ದಿನ. ಕೊಲೆಯತ್ನ ಎಂದು ಗಂಡ ದುರೈಯನ್ನು ನಿನ್ನೆ ಸಂಜೆ ಐದಕ್ಕೆ ಹಿಡಿದು ತಂದಿದ್ದರು. ಇವತ್ತು ಐದರೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಜೈಲು.

"ಮನೆಯಲ್ಲಿದ್ದಳು ಅಂತ ಬರೆದದ್ದು ಮೊದಲು ಸೇರಿಸಿದ ನರ್ಸಿಂಗ್ ಹೋಂ. ಅದನ್ನೇ ನೀವು ಇವರ ಬಾಯಲ್ಲಿ ಹೇಳಿಸ್ತಿದ್ದೀರಿ" ಎಂದೆ.

"ನಾನೇನೂ ಹೇಳಿಸಿಲ್ಲ. ಇವನ ಮೇಲೆ ಕೈ ಕೂಡ ಎತ್ತಿಲ್ಲ. ತಾನಾಗಿಯೇ ಹೇಳ್ತಿದ್ದಾನೆ."

ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ನನ್ನ ಮೈ ಉರಿಯುತ್ತಿತ್ತು.

ಗೋಡೆ ಪಕ್ಕದ ಬೆಂಚಿನಿಂದ ಪೆರಿಯಣ್ಣನ್ ಎದ್ದು ಬಂದು ದುರೈ ಕೈಗೆ ಟೀ ಲೋಟ ಕೊಟ್ಟರು. ಕಣಿವೆಯ ಊರುಗಳಿಂದ ಬೆಟ್ಟದ ಮೇಲಿನ ಏಲಕ್ಕಿ ತೋಟಗಳಿಗೆ ಹೆಣ್ಣಾಳುಗಳನ್ನು ಒದಗಿಸುವ ಕಂಗಾಣಿ ಅವರು. ಬಿಳಿ ಅಂಗಿ, ಬಿಳಿ ಪಂಚೆ. ಬೆಳಿಗ್ಗೆ ಏಳರಿಂದ ಇಲ್ಲೇ ಕೂತಿದ್ದಾರಂತೆ. ಠಾಣೆಗೆಲ್ಲ ಟೀ ಅವರದೇ.

"ನಮ್ಮೂರ ಮನುಷ್ಯ ತಾಯೀ. ಬಿಟ್ಟುಕೊಡೋಕಾಗ್ತದಾ?" ಎಂದರು ನನಗೆ.

ಎಷ್ಟು ಒಳ್ಳೆಯವರು ಎಂದುಕೊಂಡೆ. ಈ ಸಾಲು ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತಿದೆ.

ಕರುಪ್ಪಸಾಮಿ ಮೇಜಿನ ಮೇಲೆ ಮೂರು ಕಾಗದ ಹರಡಿದರು.

ಮೊದಲನೆಯದು ಏಲವಲ್ಲಿ ನರ್ಸಿಂಗ್ ಹೋಂನ ಚೀಟಿ. ಶುಕ್ರವಾರ ಬೆಳಿಗ್ಗೆ ಆರೂಮುಕ್ಕಾಲು, ಮನೆಯಲ್ಲಿ ಹಿಟ್ಟು ರುಬ್ಬುವಾಗ ಜಾರಿ ಬಿದ್ದದ್ದು.

ಎರಡನೆಯದು ದಿಂಡಿಗಲ್ಲಿನ ಸರ್ಜನ್ ಬರೆದದ್ದು. ಎಡಗಿವಿಯ ಮೇಲೆ ಮೂರು ಇಂಚು ಉದ್ದಕ್ಕೆ ಮೂಳೆ ನೇರ ಗೆರೆಯಾಗಿ ಒಳಕ್ಕೆ ಕುಸಿದಿದೆ. ನೆಲಕ್ಕೆ ಬಿದ್ದು ಆದ ಗಾಯವಲ್ಲ. ಕಬ್ಬಿಣದ ಸರಳಿನಂಥ ವಸ್ತು ತಾಗಿರಬೇಕು.

"ಸರಳು" ಎಂದು ಕರುಪ್ಪಸಾಮಿ ಆ ಪದದ ಮೇಲೆ ಬೆರಳು ಕುಟ್ಟಿದರು. "ಇನ್ನು ಇದು ನೋಡಿ."

ಮೂರನೆಯದು ದುರೈಯ ಆಧಾರ್ ಕಾರ್ಡಿನ ನಕಲು. ಫೋಟೋದಲ್ಲಿ ಕೆನ್ನೆ ತುಂಬ ಮೀಸೆ. ನನ್ನೆದುರು ಕೂತವನ ತುಟಿಯ ಮೇಲೆ ಕೆಲವೇ ದಿನಗಳ ಕುರುಚಲು. ಕಾನ್‌ಸ್ಟೇಬಲ್ ತನ್ನ ಟೀ ಲೋಟವನ್ನು ಆ ನಕಲಿನ ಮೇಲೇ ಇಟ್ಟಿದ್ದ. ಲೋಟ ಎತ್ತಿದಾಗ ಫೋಟೋದ ಪಕ್ಕ ದುಂಡಗೆ ಟೀ ಕಲೆ ಉಳಿಯಿತು.

"ಹೆಂಡತಿ ಬಿದ್ದ ದಿನವೇ ಮೀಸೆ ಬೋಳಿಸಿದ್ದಾನೆ. ಗುರುತು ಸಿಗಬಾರದು ಅಂತ. ಓಡಿಹೋಗೋ ಯೋಚನೆ."

ನಾನು ಲ್ಯಾಪ್‌ಟಾಪ್ ತಿರುಗಿಸಿ ಅವರ ಮೂಗಿನ ಕೆಳಗೆ ಇಟ್ಟೆ.

"ಹದಿನಾಲ್ಕು ತಿಂಗಳಲ್ಲಿ ಈ ಕಣಿವೆಯ ಆರು ಊರುಗಳಿಂದ ಮೂವತ್ತೊಂದು ಹೆಂಗಸರು ಮನೆಯಲ್ಲಿ ಜಾರಿ ಬಿದ್ದಿದ್ದಾರೆ. ಎಲ್ಲರನ್ನೂ ಮೊದಲು ನೋಡಿದ್ದು ಏಲವಲ್ಲಿ ನರ್ಸಿಂಗ್ ಹೋಂ. ಒಬ್ಬರೂ 108 ಆಂಬುಲೆನ್ಸ್‌ನಲ್ಲಿ ಬಂದಿಲ್ಲ. ಆಗಸ್ಟ್‌ನಿಂದ ಫೆಬ್ರವರಿವರೆಗೆ ಬೀಳ್ತಾರೆ. ಮಾರ್ಚ್‌ನಿಂದ ಜುಲೈವರೆಗೆ ಒಬ್ಬಳೂ ಬೀಳಲ್ಲ. ಭಾನುವಾರ ಒಬ್ಬಳೂ ಬೀಳಲ್ಲ."

"ಅದಕ್ಕೆ?"

"ಏಲಕ್ಕಿ ಕೊಯ್ಲು ಇದ್ದಾಗ ಮಾತ್ರ ಜಾರೋ ಬಚ್ಚಲನ್ನ ಎಲ್ಲಾದರೂ ನೋಡಿದ್ದೀರಾ ಸಾರ್?"

"ಹೆಂಗಸರು ಬೀಳ್ತಾನೇ ಇರ್ತಾರೆ ಮೇಡಂ."

"ಇವರಲ್ಲಿ ಹತ್ತೊಂಬತ್ತು ಜನಕ್ಕೆ ಪೆಟ್ಟು ಎಡಗಿವಿಯ ಮೇಲೇ ಬಿದ್ದಿದೆ. ನೇರ ಗೆರೆ. ಹತ್ತೊಂಬತ್ತು ಗಂಡಂದಿರು ಸರದಿಯ ಮೇಲೆ ಒಂದೇ ಸರಳು ತಗೊಂಡು ಹೋಗಿ ಒಂದೇ ಜಾಗಕ್ಕೆ ಹೊಡೆದರಾ?"

ಕಾನ್‌ಸ್ಟೇಬಲ್‌ಗೆ ನಗು ಬಂತು, ಸಾಹೇಬರ ಮುಖ ನೋಡಿ ನುಂಗಿಕೊಂಡ.

ಕರುಪ್ಪಸಾಮಿ ನಗಲಿಲ್ಲ. "ನಿಮ್ಮ ಮೂವತ್ತೊಂದರಲ್ಲಿ ಒಬ್ಬಳಾದರೂ ಬಂದು ನನ್ನೆದುರು ಬಾಯಿ ಬಿಟ್ಟಿದ್ದಾಳಾ? ನಾಗಮ್ಮಾಳ್ ಆವತ್ತು ಮನೆಯಲ್ಲಿರಲಿಲ್ಲ ಅಂತ ಕಣ್ಣಾರೆ ಕಂಡವರು ಒಬ್ಬರು ಹೇಳಲಿ. ನಾಲ್ಕು ಗಂಟೆವರೆಗೆ ಕಾಯ್ತೀನಿ. ಆಮೇಲೆ ನನ್ನನ್ನ ಬೈಬೇಡಿ."

ಆ ಮನೆಗಳಿಗೆಲ್ಲ ನಾನು ಫೋನ್ ಮಾಡಿದ್ದೆ. ಎಲ್ಲರದೂ ಪಾಠ ಒಪ್ಪಿಸಿದ ಹಾಗೆ ಒಂದೇ ಮಾತು. ಮನೆಯಲ್ಲಿ ಬಿದ್ದೆ. ಜಾರಿ ಬಿದ್ದೆ. ಈಗ ಆರಾಮಾಗಿದ್ದೇನೆ.

ಸುಮ್ಮನೆ ದುರೈಯನ್ನೇ ನೋಡುತ್ತ ಕೂತೆ. ಬಡಕಲು ಮೈ, ಮಣ್ಣು ಮೆತ್ತಿದ ಪಾದ. ತುಟಿಯ ಮೇಲಿನ ಕುರುಚಲು. ಹನ್ನೊಂದು ದಿನದ್ದು. ಗಡ್ಡವೂ ಅಷ್ಟೇ ಉದ್ದ. ಓಡಿಹೋಗುವವನು ಮೀಸೆ ತೆಗೆಸುತ್ತಾನೆ, ಸರಿ. ಆಮೇಲೆ ಹನ್ನೊಂದು ದಿನ ಗಡ್ಡಕ್ಕೂ ಕತ್ತಿ ಮುಟ್ಟಿಸದೆ ಯಾಕೆ ಇರುತ್ತಾನೆ?

ಥಟ್ಟನೆ ಹೊಳೆಯಿತು.

"ದುರೈ ಅಣ್ಣಾ" ಎಂದು ತಮಿಳು ಬಿಟ್ಟು ನಮ್ಮ ಕನ್ನಡದಲ್ಲೇ ಕೇಳಿದೆ. "ಸಾಮಿ ಹೋದ್ರಾ?"

ಅವನು ಮೊದಲ ಸಲ ತಲೆಯೆತ್ತಿದ. ಕಣ್ಣು ತುಂಬಿ ಬಂತು.

"ಗುರುವಾರ ಹೊತ್ ಮುಳುಗೋವಾಗ ಹೋದ್ರು ತಂಗಚ್ಚೀ. ನನ್ ಕೈಲೇ ಕಡೇ ನೀರ್ ಕುಡುದ್ರು."

ದುರೈಯ ಊರು ತೊಳುಪಟ್ಟಿ ನನ್ನ ಅಮ್ಮನ ತವರು. ಕನ್ನಡ ಮಾತಾಡುವ ಒಕ್ಕಲು ಮನೆಗಳ ಊರು. ಊರ ನಡುವೆ ತೊಳು, ಎಂದರೆ ದೇವರ ದನಗಳ ದೊಡ್ಡಿ. ಆ ಹಿಂಡಿಗೆ ಒಡೆಯ ಪಟ್ಟದ ಎತ್ತು. ಅದರ ಹೆಗಲ ಮೇಲೆ ಯಾರೂ ನೊಗ ಇಡುವುದಿಲ್ಲ. ಅದನ್ನೇ ಸಾಮಿ ಎನ್ನುತ್ತಾರೆ. ಅದು ಸತ್ತರೆ, ಮೇವು ಹಾಕುವ ಸರದಿ ಯಾವ ಮನೆಯದೋ ಆ ಮನೆಯ ಗಂಡಸು ಹೆತ್ತ ಅಪ್ಪ ಹೋದ ಹಾಗೆ ಮೀಸೆ ತೆಗೆಸುತ್ತಾನೆ. ಹನ್ನೊಂದನೆಯ ದಿನದವರೆಗೆ ಮತ್ತೆ ಮುಖಕ್ಕೆ ಕತ್ತಿ ಮುಟ್ಟಿಸುವುದಿಲ್ಲ.

ಅಮ್ಮ ಫೋನಿನಲ್ಲಿ ಹೇಳಿದ್ದಳು. ಎರಡು ಸಲ ಹೇಳಿದ್ದಳು. ನಾನು ಯಾವುದೋ ಪಟ್ಟಿ ತಿದ್ದುತ್ತ ಹೂಂ ಹೂಂ ಎಂದು ಕಿವಿಗೆ ಹಾಕಿಕೊಳ್ಳದೆ ಬಿಟ್ಟಿದ್ದೆ.

ಸಾಮಿಯನ್ನು ಹೂಳುವವರೆಗೆ ತೊಳುಪಟ್ಟಿಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ರುಬ್ಬುವ ಕಲ್ಲು ತಿರುಗಿಸುವ ಹಾಗಿಲ್ಲ. ಈಗ ಗ್ರೈಂಡರ್, ಮಿಕ್ಸಿ ಬಂದಿವೆ. ಅವಕ್ಕೂ ಅದೇ ಕಟ್ಟು.

"ಯಾವತ್ತು ಹೂತ್ರಿ ಅಣ್ಣಾ?"

"ಶುಕ್ರವಾರ. ಮಧ್ಯಾನ."

ಶುಕ್ರವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಹಿಟ್ಟು ರುಬ್ಬುತ್ತಿದ್ದಳಂತೆ ನಾಗಮ್ಮಾಳ್! ಸರದಿ ಮನೆಯ ಹೆಂಗಸು! ಆ ಚೀಟಿ ಬರೆದವನಿಗೆ ಊರೂ ಗೊತ್ತಿಲ್ಲ, ಸಾಮಿಯೂ ಗೊತ್ತಿಲ್ಲ. ಹಳೆಯ ಸಾಲನ್ನೇ ಕಣ್ಣು ಮುಚ್ಚಿ ನಕಲು ಮಾಡಿದ್ದ.

"ಹಂಗಾದ್ರೆ ಯಾರೂ ಕಲ್ ತಿರುಗ್ಸಿಲ್ಲ. ಅಕ್ಕ ಎಲ್ಲಿದ್ರು?"

ಅವನು ನನ್ನನ್ನು ನೋಡಲಿಲ್ಲ. ಬೆಂಚಿನ ಕಡೆ ನೋಡಿದ. ಬೆಂಚಿನಲ್ಲಿ ಪೆರಿಯಣ್ಣನ್ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದರು.

"ಮನೇಲಿ."

"ಅಣ್ಣಾ!"

"ಮನೇಲೇ ಇದ್ಲು. ಬೇರೆ ಏನೂ ಕೇಳ್ಬೇಡ. ನಾ ಜೈಲಿಗ್ ಹೋದ್ರೂ ಸರಿ."

"ನಿಮ್ಮ ಭಾಷೆಯಲ್ಲಿ ಏನದು ಗುಸುಗುಸು?" ಎಂದು ಕರುಪ್ಪಸಾಮಿ ಗದರಿದರು.

ನನಗೆ ತಡೆಯಲಾಗಲಿಲ್ಲ. ಹುಟ್ಟಿದಾಗಿನಿಂದ ನನ್ನ ಬಾಯಿಗೂ ಬುದ್ಧಿಗೂ ಆಗಿಬಂದಿಲ್ಲ. ಎದ್ದು ನಿಂತು ಠಾಣೆಯೆಲ್ಲ ಕೇಳುವ ಹಾಗೆ ಕೂಗಿದೆ.

"ಇವರು ಹೇಳೋದು ಬೇಡ ಸಾರ್, ನಾಗಮ್ಮಾಳೇ ಹೇಳ್ತಾರೆ! ಇವತ್ತು ಬೆಳಿಗ್ಗೆ ಬೆರಳು ಆಡಿಸಿದ್ದಾರೆ. ಕಣ್ಣು ಬಿಟ್ಟಿದ್ದಾರೆ. ದಿಂಡಿಗಲ್ಲಿನ ವಾರ್ಡ್ ನರ್ಸ್ ಜೆಯಂತಿ ಈಗಷ್ಟೇ ನನಗೆ ಫೋನ್ ಮಾಡಿದ್ರು. ಇವತ್ತೋ ನಾಳೆಯೋ ಅವರ ಬಾಯಿಂದಲೇ ಮಾತು ಬರುತ್ತೆ. ಆಗ ನಿಮ್ಮ ಸರಳನ್ನ ಎಲ್ಲಿ ಬಚ್ಚಿಡ್ತೀರಿ ನೋಡ್ತೀನಿ!"

ದುರೈ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದ. ಪೆರಿಯಣ್ಣನ್ ಪಂಚೆ ಎತ್ತಿಕಟ್ಟಿ, ಫೋನು ಹಿಡಿದು ಹೊರಗೆ ಹೋದರು. ಇನ್ನೊಂದು ಸುತ್ತು ಟೀ ಹೇಳಲು ಹೋದರೆಂದುಕೊಂಡೆ.

ತೊಳುಪಟ್ಟಿಗೆ ಸ್ಕೂಟರಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಎರಡೂ ಕಡೆ ದ್ರಾಕ್ಷಿ ಚಪ್ಪರ, ಮುಂದೆ ಗೋಡೆಯ ಹಾಗೆ ಎದ್ದು ನಿಂತ ಬೆಟ್ಟ. ದಿನವೂ ಬೆಳಗಾಗುವ ಮೊದಲೇ ಈ ಊರುಗಳ ಹೆಂಗಸರನ್ನು ಹೊತ್ತ ಜೀಪುಗಳು ಆ ಬೆಟ್ಟ ಹತ್ತಿ ಕೇರಳದ ತೋಟಗಳಿಗೆ ಹೋಗುತ್ತವೆ. ಒಂಬತ್ತು ಜನರ ಜೀಪಿನಲ್ಲಿ ಹದಿನೆಂಟು ಜನ. ನಾನು ಶಾಲೆಗೆ ಹೋಗುವಾಗಲೂ ಹೀಗೇ ಇತ್ತು.

ಇವತ್ತು ಜೀಪುಗಳು ಹೊರಟಿರಲಿಲ್ಲ. ಸಾಮಿಯ ಹನ್ನೊಂದನೆಯ ದಿನ, ಊರಿಗೆ ಊರೇ ರಜೆ. ಊರ ಬಾಗಿಲ ಬೇವಿನ ಮರದ ಕೆಳಗೆ ಎರಡು ಜೀಪು ನಿಂತಿದ್ದವು. ಒಂದರ ಗಾಜಿನ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದಿತ್ತು. ಪೆರಿಯಣ್ಣನ್.

ಸ್ಕೂಟರ್ ನಿಲ್ಲಿಸಿ ಒಳಗೆ ಇಣುಕಿದೆ.

ಎರಡೂ ಬದಿಗೆ ಉದ್ದುದ್ದ ಬೆಂಚು. ಎಡಗಡೆಯ ಬೆಂಚಿನ ಮುಂತುದಿಯಲ್ಲಿ, ಮುಂದಿನ ಸೀಟಿನ ಬೆನ್ನಿಗೆ, ನೆಲದಿಂದ ಚಾವಣಿಯವರೆಗೆ ಒಂದು ಕಬ್ಬಿಣದ ಪೈಪು ಬೆಸೆದಿದ್ದರು. ಏಲಕ್ಕಿ ಮೂಟೆ ಕಟ್ಟಿ ನಿಲ್ಲಿಸುವುದಕ್ಕೆ. ಹತ್ತಿ ಕೂತು ನೋಡಿದೆ. ಗಾಡಿ ಮುಂದೆ ಹೋಗುವ ದಿಕ್ಕು ನನ್ನ ಎಡಗಡೆಗೆ ಬಂತು. ಯಾರಾದರೂ ಜೋರಾಗಿ ಬ್ರೇಕ್ ಹಾಕಿದರೆ ಮೈಯೆಲ್ಲ ಎಡಕ್ಕೆ ವಾಲುತ್ತದೆ. ಮೆಲ್ಲಗೆ ವಾಲಿದೆ. ಪೈಪು ಸರಿಯಾಗಿ ನನ್ನ ಎಡಗಿವಿಯ ಮೇಲೆ ತಣ್ಣಗೆ ತಾಗಿತು.

ಜೀಪಿನ ಒಳಗೆಲ್ಲ ತುಕ್ಕು. ಆ ಪೈಪಿಗೆ ಮಾತ್ರ ಹೊಸದಾಗಿ ಹಸಿರು ಬಣ್ಣ ಬಳಿದಿತ್ತು.

ಬೆಳಿಗ್ಗೆಯಿಂದ ಪೆರಿಯಣ್ಣನ್ ಕೊಟ್ಟ ಎರಡು ಲೋಟ ಟೀ ಕುಡಿದಿದ್ದೆ ನಾನು.

ತೊಳುವಿನ ಬಾಗಿಲಲ್ಲಿ ಅಯ್ಯಾವು ಮಾವ ನಿಂತಿದ್ದರು. ಅಮ್ಮನ ಅಣ್ಣ, ದೇವರ ದನಗಳ ಹೊಣೆ ಹೊತ್ತವರು. ಟವಲನ್ನು ಹೆಗಲಿನಿಂದ ತೆಗೆದು ಸೊಂಟಕ್ಕೆ ಕಟ್ಟಿದ್ದರು. ಒಳಗೆ ಹೆಂಗಸರು ಮೂರು ಕಲ್ಲಿನ ಒಲೆ ಹೂಡಿ ಪೊಂಗಲ್ ಬೇಯಿಸುತ್ತಿದ್ದರು.

"ಬಾ ತಾಯೀ. ಚಪ್ಲಿ ಆಚೆ ಬಿಡು."

"ಮಾವಾ, ದುರೈ ಅಣ್ಣನ್ನ ಸಾಯಂಕಾಲ ಜೈಲಿಗ್ ಕಳಿಸ್ತಾರೆ."

"ಗೊತ್ತಮ್ಮಾ. ಪಾವಂ. ಇವತ್ತು ನೀರ್ಕೊಡ ಹೊರ್ಬೇಕಾದೋನು ಅವ್ನೇ. ಪೆರಿಯಣ್ಣನ್ ಹೋಗವ್ರಲ್ಲ, ಬಿಡುಸ್ಕಂಡ್ ಬತ್ತಾರೆ."

"ಶುಕ್ರವಾರ ಬೆಳಿಗ್ಗೆ ಊರಲ್ಲಿ ಯಾರಾದ್ರೂ ಹಿಟ್ ರುಬ್ಬಿದ್ರಾ?"

ಮಾವನ ಮುಖ ಕೆಂಪಾಯಿತು. "ಏನ್ ಮಾತಾಡ್ತೀಯೇ! ಸಾಮಿ ಮಣ್ಣ್ ಕಾಣೋ ಮುಂಚೆ ಯಾರ್ ಮನೇಲಿ ಕಲ್ ತಿರುಗ್ತದೆ?"

"ಹಂಗಾದ್ರೆ ನಾಗಮ್ಮಾಳಕ್ಕ ಹಿಟ್ ರುಬ್ಬೋವಾಗ ಬಿದ್ದಿಲ್ಲ."

ಮಾವ ಸೊಂಟದ ಟವಲಿನ ಗಂಟು ಬಿಗಿದರು.

"ಮನೇಲಿ ಬಿದ್ದಿದ್ರೆ ಎತ್ತಿದೋರ್ ಯಾರು ಮಾವಾ? ರಕ್ತ ತೊಳ್ದೋರ್ ಯಾರು? ಒಂದೇ ಗೋಡೆ ಹಂಚ್ಕೊಂಡಿರೋ ಮನೆಗಳು. ಒಬ್ರಿಗೂ ಸದ್ದು ಕೇಳ್ಲಿಲ್ವಾ?"

"ನಾವೆಲ್ಲ ರಾತ್ರಿಯಿಂದ ತೊಳುವಲ್ಲೇ ಇದ್ವಿ."

"ಗಂಡಸ್ರು ಇದ್ರಿ. ಹೆಂಗಸ್ರು ಎಲ್ಲಿದ್ರು?"

ಪೊಂಗಲ್ ಕದಡುತ್ತಿದ್ದ ಸೌಟು ನಿಂತಿತು. ಹೆಂಗಸರು ಯಾರೂ ತಲೆಯೆತ್ತಲಿಲ್ಲ.

ಮಾವ ಕೋಲನ್ನು ನೆಲಕ್ಕೆ ಕುಟ್ಟಿದರು. "ನಮ್ಮೂರ್ ಹೆಂಗಸ್ರು ಆವತ್ತು ಎಲ್ಲೂ ಹೋಗಿಲ್ಲ! ಸಾಮಿ ಸತ್ ದಿನ ಊರೆಲ್ಲೆ ದಾಟೋ ಹೆಣ್ಣು ಈ ಊರಲ್ಲಿಲ್ಲ. ದಾಟಿದ್ರೆ ಆ ಮನೆಗೆ ಸರದಿ ಇಲ್ಲ, ನೀರಿಲ್ಲ, ನೆರೆಯಿಲ್ಲ."

"ಹಂಗಾದ್ರೆ ದುರೈ ಅಣ್ಣಾನೇ ಹೆಂಡ್ತಿ ತಲೆಗೆ ಸರಳಲ್ಲಿ ಹೊಡ್ದಿರ್ಬೇಕು. ಸಾಮೀನ ಹೂಳಕ್ ಮುಂಚೆ, ಎದ್ ಹೋಗಿ ಹೊಡ್ದು, ತಿರ್ಗಾ ಬಂದು ನಿಮ್ ಪಕ್ಕ ಕೂತಿರ್ಬೇಕು. ಅದನ್ನೇ ಹೇಳಿ ಮಾವಾ. ಸಾಮಿ ಮಣ್ಣ್ ಮುಟ್ಟಿ ಹೇಳಿ. ನಾನೇ ಹೋಗಿ ಇನ್‌ಸ್ಪೆಕ್ಟರ್‌ಗೆ ಬರೆಸ್ತೀನಿ."

ಮಾವ ಕೋಲನ್ನು ಕೆಳಗಿಟ್ಟರು. "ಅವ್ನು ನನ್ ಪಕ್ಕದಿಂದ ಎದ್ದಿಲ್ಲ ತಾಯೀ. ಸಾಮಿ ತಲೆ ತೊಡೆ ಮೇಲಿಟ್ಕಂಡು ಕೂತಿದ್ದ."

"ಪೊಲೀಸರಿಗೆ ಹೇಳಿದ್ರಾ?"

"ಹೇಳ್ದೆ. ನಡುವೆ ಎದ್ದೋಗಿದ್ರೆ ನಿಂಗೇನ್ ಗೊತ್ತು ಮುದುಕಾ ಅಂದ್ರು."

ಹೆಂಗಸರ ಕಡೆ ತಿರುಗಿದೆ. ದನಿ ತಗ್ಗಿಸಬೇಕು ಎಂದುಕೊಂಡೆ. ಆಗಲಿಲ್ಲ.

"ಪೆರಿಯಣ್ಣನ್ ಜೀಪಲ್ಲಿ ಎಡಗಡೆ ಬೆಂಚಲ್ಲಿ ಒಂದು ಪೈಪಿದೆ. ನಾನೀಗ್ ಕೂತು ನೋಡ್ಕೊಂಡ್ ಬಂದೆ. ಹತ್ತೊಂಬತ್ತು ಹೆಂಗಸರ ತಲೆ ಅದಕ್ಕೆ ಬಡ್ದಿದೆ. ಹತ್ತೊಂಬತ್ತು ಜನಾನೂ ಮನೇಲ್ ಬಿದ್ದೆ ಅಂತಾರೆ. ಅಕ್ಕಂದಿರಾ, ಒಬ್ಬ ಮನುಷ್ಯ ಮಾಡದ ತಪ್ಪಿಗೆ ಒಳಗ್ ಕೂತು ಅಳ್ತಿದ್ದಾನೆ. ಒಂದ್ ಮಾತು ಸಾಕು. ಒಂದೇ ಮಾತು!"

ಆಮೇಲೆ ಒಲೆಯ ಹಿಂದಿನಿಂದ ಒಬ್ಬಳು ಎದ್ದು ನಿಂತಳು. ನಿವೇತಾ. ಮಾವನ ಸೊಸೆ, ಬಿ.ಕಾಂ. ಓದಿದವಳು, ಎರಡು ವರ್ಷದಿಂದ ಏಲಕ್ಕಿ ಕೀಳುತ್ತಿರುವವಳು.

"ಅಕ್ಕಾ, ಆವತ್ತು ನಾವು ಹೋಗಿದ್ವಿ."

"ನಿವೇತಾ!" ಎಂದರು ಮಾವ.

"ಹನ್ನೆರಡ್ ಜನ ಹೋಗಿದ್ವಿ ಮಾಮಾ. ಬರ್ದೇ ಇದ್ರೆ ಸೀಸನ್ ಮುಗ್ಯೋಗಂಟ ಜೀಪಲ್ಲಿ ಜಾಗ ಇಲ್ಲ ಅಂದ್ರು ಕಂಗಾಣಿ. ನೀವೆಲ್ಲ ಸಾಮಿ ಹತ್ರ ಕೂತಿದ್ರಿ. ನಾವು ಹಿಂದಿನ್ ಬೀದೀಲಿ ಹತ್ತುದ್ವಿ. ನಾಗಮ್ಮಾಳಕ್ಕ ಬರಲ್ಲ, ನಮ್ದು ಸರದಿ ಮನೆ ಅಂತ ಅತ್ರು. ಎಳ್ದ್ ಕೂರ್ಸಿದ್ರು." ಅವಳು ಮಾವನ ಕಡೆಯಿಂದ ನನ್ನ ಕಡೆ ತಿರುಗಿದಳು. "ಮೇಲೆ, ಗಡಿ ದಾಟಿದ್ಮೇಲೆ, ತಿರುವಲ್ಲಿ ಎದುರಿಗೆ ಬಸ್ ಬಂತು. ಬ್ರೇಕ್ ಹಾಕುದ್ರು. ಅಕ್ಕನ್ ತಲೆ ಬಡ್ದಿದ್ ಸದ್ದು ಈಗ್ಲೂ ನನ್ ಕಿವೀಲದೆ. ಹತ್ರದಲ್ಲೇ ಆಸ್ಪತ್ರೆ ಇತ್ತು. ಅಲ್ಲಿಗೆ ಹೋದ್ರೆ ಕೇಸಾಗ್ತದೆ, ಜೀಪು ಹೋಗ್ತದೆ ಅಂತ ಕೆಳಕ್ ತಿರುಗ್ಸಿದ್ರು. ಎರಡ್ ಗಂಟೆ ಅಕ್ಕಾ. ಎರಡ್ ಗಂಟೆ ನನ್ ಮಡಿಲಲ್ಲಿ ಮಲಗಿದ್ರು."

"ಯಾಕೆ ಹೇಳ್ಲಿಲ್ಲ?"

"ಎಲ್ಲೆ ದಾಟಿದ್ಕೆ ಸಾಮಿ ಹೊಡುದ್ರು ಅಂತಾರೆ, ನಿಮ್ ಮನೆಗಳ್ನ ಊರಾಚೆ ಇಡ್ತಾರೆ, ಎಲ್ರೂ ಮನೇಲ್ ಬಿದ್ಲು ಅಂತ ಒಂದೇ ಮಾತ್ ಹೇಳಿ ಅಂದ್ರು ಕಂಗಾಣಿ. ದುರೈ ಮಾಮನ್ಗೂ ಅದ್ನೇ ಹೇಳುದ್ರು. ನನ್ ಹೆಂಡ್ತೀನ ಸಾಮಿ ಹೊಡುದ್ರು ಅಂತ ಊರು ಮಾತಾಡೋದ್ ಬೇಡ ಅಂತ ಅವ್ರು ಬಾಯ್ ಮುಚ್ಕಂಡ್ರು."

ಹೆಂಡತಿಯ ಮಾನ ಉಳಿಸಲು ಆ ಮನುಷ್ಯ ತನ್ನ ಕೈಗೆ ತಾನೇ ಕೋಳ ಹಾಕಿಸಿಕೊಂಡಿದ್ದ. ಆ ಕಂಗಾಣಿ ಈ ಜನರ ದೇವರನ್ನೇ ಬೀಗ ಮಾಡಿ ಇವರ ಬಾಯಿಗೆ ಹಾಕಿದ್ದ, ಬೀಗ ಭದ್ರವಾಗಿದೆಯೇ ನೋಡಿಕೊಳ್ಳಲು ಠಾಣೆಯಲ್ಲಿ ಟೀ ಹಂಚುತ್ತ ಕೂತಿದ್ದ.

ನಿವೇತಾ ಎಡಗಿವಿಯ ಮೇಲಿನ ಕೂದಲನ್ನು ಎತ್ತಿ ತೋರಿಸಿದಳು. ಬೆರಳುದ್ದದ ಗಾಯದ ಗುರುತು. ನೇರ ಗೆರೆ.

"ಇದು ಹೋದ್ ವರ್ಷದ್ದು."

ಪಟ್ಟಿ ತೆರೆದು ನೋಡಿದೆ. ನೋಡುವ ಅಗತ್ಯವಿರಲಿಲ್ಲ, ಮೂವತ್ತೊಂದು ಹೆಸರೂ ನನಗೆ ಬಾಯಿಪಾಠ. "ನಿನ್ನ ಹೆಸರು ಇದ್ರಲ್ಲಿಲ್ಲ."

"ಆಸ್ಪತ್ರೆಗೇ ಹೋಗಿಲ್ಲಕ್ಕಾ. ಅರಿಶಿನ ಒತ್ಕಂಡೆ. ಅವಾಗಿಂದ ಉಪ್ ಹಾಕುದ್ನಾ ಇಲ್ವಾ ಅನ್ನೋದೇ ಮರ್ತೋಗ್ತದೆ. ಬಿಸ್ಲು ಕಂಡ್ರೆ ತಲೆ ಸಿಡೀತದೆ. ಲೆಕ್ಕ ಕೂಡಕ್ ಹೋದ್ರೆ ಅಂಕೆ ಜಾರ್ತವೆ."

ಓದಿದ ಸೊಸೆಗೆ ಸೋಮಾರಿತನ, ಮನೆ ಕೆಲಸದ ಮೇಲೆ ಗಮನವೇ ಇಲ್ಲ ಎಂದು ಮಾವ ಅಮ್ಮನ ಹತ್ತಿರ ದೂರುತ್ತಿದ್ದದ್ದು ನೆನಪಾಯಿತು. ಮಾವನಿಗೂ ನೆನಪಾಗಿರಬೇಕು. ಅವರು ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತರು.

ಆಮೇಲೆ ಇನ್ನೊಬ್ಬಳು ಸೆರಗು ಸರಿಸಿದಳು. ಮತ್ತೊಬ್ಬಳು. ಒಟ್ಟು ಆರು ಜನ. ಒಬ್ಬರ ಹೆಸರೂ ನನ್ನ ಪಟ್ಟಿಯಲ್ಲಿರಲಿಲ್ಲ. ಹದಿನಾಲ್ಕು ತಿಂಗಳು ಬೆನ್ನು ಬಗ್ಗಿಸಿ ಲೆಕ್ಕ ಹಾಕಿದೆ, ಎಲ್ಲ ಹಿಡಿದೆ ಎಂದು ಬೀಗಿದೆ. ನನ್ನ ಅಮ್ಮನ ಊರಿನಲ್ಲೇ ಆರು ಒಡೆದ ತಲೆಗಳು ಲೆಕ್ಕದಿಂದ ಹೊರಗಿದ್ದವು. ಕರುಪ್ಪಸಾಮಿಯ ಮೇಲಿದ್ದ ಸಿಟ್ಟಿನಲ್ಲಿ ಒಂದು ಪಾಲು ನನ್ನ ಮೇಲೆ ತಿರುಗಿತು.

ಮಾವ ಎದ್ದರು. ಸೊಸೆಯ ಹತ್ತಿರ ಹೋಗಿ, ಆ ಗೆರೆಯನ್ನು ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದೆ ತೆಗೆದುಕೊಂಡರು.

"ವ್ಯಾನ್ ಕರೀರಿ. ಹನ್ನೊಂದ್ ಜನಾನೂ ಹತ್ತಿ. ಟೇಸನ್‌ಗೆ ಹೋಗಾಣ."

"ಮತ್ತೆ ಊರೆಲ್ಲೆ ಕಟ್ಟು ಮಾವಾ?"

"ಸಾಮಿ ಹತ್ರ ನಾ ಮಾತಾಡ್ಕತೀನಿ. ಮೊದ್ಲು ಅವ್ರಿಗೆ ನೀರ್ ಕೊಟ್ಟೋನ್ನ ಕರ್ಕಂಡ್ ಬರಾಣ."

ವ್ಯಾನು ಬಂದು ದುರೈಯ ಮನೆಯ ಮುಂದೆ ನಿಂತಿತು. ಗಂಟೆ ಹನ್ನೆರಡೂಮುಕ್ಕಾಲು. ನಾಲ್ಕಕ್ಕೆ ಬೇಕಾದಷ್ಟು ಸಮಯವಿತ್ತು. ಒಬ್ಬರಲ್ಲ, ಹನ್ನೊಂದು ಜನ ಕಣ್ಣಾರೆ ಕಂಡವರು. ಕರುಪ್ಪಸಾಮಿಯ ಮುಖ ಹೇಗಾಗುತ್ತದೋ ನೋಡಬೇಕು ಎಂದು ನನ್ನೊಳಗೇ ಹಿಗ್ಗುತ್ತಿದ್ದೆ.

ಫೋನು ಬಂತು. ಜೆಯಂತಿ.

"ಇಂದುಜಾ, ಕರ್ಕೊಂಡು ಹೋಗ್ತಾರೆ ಅಂತ ನೀವಾದರೂ ಒಂದು ಮಾತು ಹೇಳಬಾರದಿತ್ತಾ?" ಅವಳಿಗೆ ಏದುಸಿರು.

"ಯಾರನ್ನ?"

"ನಾಗಮ್ಮಾಳ್‌ನ. ಊಟಕ್ಕೆ ಹೋಗಿ ಬರೋಷ್ಟರಲ್ಲಿ ಹಾಸಿಗೆ ಖಾಲಿ. ನಮ್ಮ ಸ್ವಂತ ಜವಾಬ್ದಾರಿಯ ಮೇಲೆ ಕರೆದುಕೊಂಡು ಹೋಗ್ತಿದ್ದೇವೆ ಅಂತ ಸಹಿ ಹಾಕಿ ಹೋಗಿದ್ದಾರೆ. ಈ ಸ್ಥಿತಿಯಲ್ಲಿ ಗಾಡಿಯ ಕುಲುಕಾಟ ತಡೆಯೋದಿಲ್ಲ ಅವರು. ದಾರಿಯಲ್ಲೇ..."

"ಸಹಿ ಯಾರದು?"

"ಗಂಡನದು."

"ಗಂಡ ಲಾಕಪ್ಪಿನಲ್ಲಿದ್ದಾನೆ ಜೆಯಂತಿ."

ಅವಳು ಯಾರನ್ನೋ ಕೂಗಿ ಕೇಳಿ ಮತ್ತೆ ಫೋನಿಗೆ ಬಂದಳು.

"ಆಗ ಇದ್ದದ್ದು ಹೊಸ ನರ್ಸ್. ಗಂಡನ ಮುಖ ನೋಡಿದವಳಲ್ಲ. ಆಧಾರ್ ನಕಲು ಕೊಟ್ಟರು, ಫೋಟೋದಲ್ಲಿ ದೊಡ್ಡ ಮೀಸೆ, ಬಂದವನಿಗೂ ದೊಡ್ಡ ಮೀಸೆ, ಸರಿಯಾಗಿದೆ ಅಂತ ಬಿಟ್ಟಿದ್ದಾಳೆ."

ಮೀಸೆ! ಹನ್ನೊಂದು ದಿನದ ಹಿಂದೆ ಸಾಮಿಗಾಗಿ ತೆಗೆಸಿದ ಮೀಸೆ.

"ಆ ನಕಲು ನಿನ್ನ ಕೈಯಲ್ಲಿದೆಯಾ? ಹೇಗಿದೆ?"

"ಫೋನಿನಲ್ಲಿ ತೆಗೆದ ಫೋಟೋದ ಪ್ರಿಂಟ್. ಅದರ ಮೇಲೆ ಏನೋ ಕಲೆಯೂ ಬಂದಿದೆ. ದುಂಡಗೆ. ಲೋಟ ಇಟ್ಟ ಹಾಗೆ."

ಆ ಲೋಟ ಎತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೆ, ಇನ್‌ಸ್ಪೆಕ್ಟರ್ ಮೇಜಿನ ಮೇಲೆ, ಇವತ್ತು ಬೆಳಿಗ್ಗೆ. ನಾಗಮ್ಮಾಳ್ ಕಣ್ಣು ಬಿಟ್ಟಿದ್ದಾಳೆ, ದಿಂಡಿಗಲ್ಲಿನಲ್ಲಿದ್ದಾಳೆ, ವಾರ್ಡಿನ ನರ್ಸ್ ಜೆಯಂತಿ ಎಂದು ಅದೇ ಮೇಜಿನ ಮುಂದೆ ನಿಂತು ಕೂಗಿ ಹೇಳಿದವಳೂ ನಾನೇ. ಆ ಫೋಟೋ ತೆಗೆದವರು ಪೆರಿಯಣ್ಣನ್ನೋ, ಟೀ ಕುಡಿದ ಕಾನ್‌ಸ್ಟೇಬಲ್ಲೋ, ಅಥವಾ ನಾಲ್ಕು ಗಂಟೆವರೆಗೆ ಕಾಯುತ್ತೇನೆ ಎಂದ ಕರುಪ್ಪಸಾಮಿಯೋ?

ನನ್ನ ಬೆನ್ನ ಹಿಂದೆ ಹನ್ನೊಂದು ಹೆಂಗಸರು ಅದೇ ಠಾಣೆಗೆ ಹೋಗಲು ವ್ಯಾನು ಹತ್ತುತ್ತಿದ್ದರು.

"ಎಲ್ಲಿಗೆ ಕರ್ಕೊಂಡು ಹೋಗ್ತೀವಿ ಅಂತ ಬರೆದಿದ್ದಾರೆ ಜೆಯಂತಿ?"

ಕಾಗದ ತಿರುವಿದ ಸದ್ದು ಕೇಳಿಸಿತು.

"ಮನೆಗೆ."

ಆ ಮನೆ ನನ್ನ ಎದುರಿಗೇ ಇತ್ತು. ಅಪರಾಧ ನಡೆದ ಜಾಗ ಎಂದು ನಿನ್ನೆ ಪೊಲೀಸರು ಬಾಗಿಲಿಗೆ ಹಾಕಿದ ಬೀಗ ಹಾಗೇ ಇತ್ತು.